ಅರಸೇಲಿಯ ಹಾಸ್ಟೆಲ್ ನೋಡಲು ಹೋದದ್ದು

ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ ಡಲ್ಲಾಸ್ ಬಿಟ್ಟೆವು. ಕಾರು ನನ್ನ ತಂಗಿಯ ಮಗಳು ಮಾನಸಳದು. ಹಿಂದಿನ ಸೀಟಿನ ತುಂಬ ಅವಳು ಕೆಲಸ ಮಾಡುವ ವಿಶ್ವವಿದ್ಯಾಲಯದ ಕರಪತ್ರಗಳು, ಬಾವುಟಗಳು, ಬಟ್ಟೆಚೀಲಗಳು. ನನ್ನ ಕಾಲ ಬಳಿ ಚಿತ್ರಾನ್ನದ ಡಬ್ಬಿ. ಹ್ಯೂಸ್ಟನ್ ಇನ್ನೂರ ನಲವತ್ತು ಮೈಲಿ, ನಾಲ್ಕು ಗಂಟೆಯ ದಾರಿ. ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಮಾನಸ ಮೊದಲೇ ಹೇಳಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ. ಲಾರಿ, ದನ, ಮತ್ತೆ ಲಾರಿ. ನಡುವೆ ಸಿಕ್ಕ ಒಂದು ಪೆಟ್ರೋಲ್ ಬಂಕ್ ಮಾತ್ರ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕಿಂತ ದೊಡ್ಡದಿತ್ತು. ಅದರ ಶೌಚಾಲಯ ಎಷ್ಟು ಚೊಕ್ಕಟವೆಂದರೆ ನಾನು ಎರಡು ನಿಮಿಷ ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ. ನಗಬೇಡಿ. ಮೂವತ್ತೊಂದು ವರ್ಷ ಹುಣಸೂರಿನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಎಲ್ಲಿಗೆ ಹೋದರೂ ಕಣ್ಣು ಮೊದಲು ಶೌಚಾಲಯಕ್ಕೆ ಹೋಗುತ್ತದೆ, ಆಮೇಲೆ ಅಡುಗೆಮನೆಗೆ.

ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಆರು ವಾರ ಇದ್ದು ಹೋಗು ಬಾ ಎಂದು ಮಾನಸ ಕರೆಸಿಕೊಂಡಿದ್ದಳು. ಅವಳ ವಿಶ್ವವಿದ್ಯಾಲಯ ಇರುವುದು ಆಸ್ಟಿನ್‌ನಲ್ಲಿ. ಇವಳು ಡಲ್ಲಾಸಿನಲ್ಲಿದ್ದುಕೊಂಡು ಡಲ್ಲಾಸ್, ಹ್ಯೂಸ್ಟನ್ನಿನ ಶಾಲೆಗಳನ್ನು ಸುತ್ತಿ ವಿದ್ಯಾರ್ಥಿಗಳನ್ನು ಸೇರಿಸುತ್ತಾಳೆ. ಅದರಲ್ಲೂ ಹಿಸ್ಪ್ಯಾನಿಕ್ ಮನೆಗಳ ಮಕ್ಕಳನ್ನು. ಮೆಕ್ಸಿಕೊ ಮತ್ತಿತರ ಸ್ಪ್ಯಾನಿಷ್ ಮಾತಾಡುವ ನಾಡುಗಳಿಂದ ಬಂದವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಜನಾಂಗದ ಹೆಸರಿನಲ್ಲಿ ಇಂಥ ಕೇಂದ್ರ ನಡೆಸಬಾರದು ಎಂಬ ರಾಜ್ಯದ ಹೊಸ ಕಾನೂನು ಬಂದ ಮೇಲೆ ಆ ಹೆಸರು ಕಚೇರಿಯ ಬೋರ್ಡಿನ ಮೇಲಿಲ್ಲ, ಈಗ ಅದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬರುವವರ ಕೇಂದ್ರ. ಬರುವ ಮಕ್ಕಳು ಮಾತ್ರ ಹೆಚ್ಚುಕಮ್ಮಿ ಅವರೇ ಎಂದಳು.

"ಅದೇನೇ ಅಂಥಾ ದೊಡ್ಡ ಕೆಲಸ, ನಾನು ಮಾಡ್ತಿದ್ದದ್ದೂ ಅದೇ ತಾನೆ," ಎಂದೆ. "ಜೂನ್ ಬಂತು ಅಂದ್ರೆ ಹಾಡಿ, ಹಟ್ಟಿ ಎಲ್ಲ ಸುತ್ತಿ ಹುಡುಗೀರನ್ನ ಕರ್ಕೊಂಡು ಬರ್ತಿದ್ದೆ. ನಿನಗೆ ಕಾರಿದೆ, ನನಗೆ ಕೆಂಪು ಬಸ್ಸಿತ್ತು."

"ಅಪ್ಪಂದಿರು ಒಪ್ತಿದ್ರಾ ದೊಡ್ಡಮ್ಮ?"

"ಒಪ್ಪದೆ ಏನು! ಓದು ಮುಗಿಯೋವರೆಗೆ ನನ್ನ ಕೈಲಿ ಕೊಡಿ, ಹೇಗೆ ಕೊಟ್ರೋ ಹಾಗೇ ವಾಪಸ್ ಕೊಡ್ತೀನಿ ಅಂತಿದ್ದೆ. ನನ್ನ ಮುಖ ನೋಡಿ ಕಳಿಸ್ತಿದ್ರು."

ಅಷ್ಟು ಹೇಳುವಾಗಲೇ ನನಗೆ ನನ್ನ ಹುಡುಗಿಯರ ನೆನಪು ಒತ್ತರಿಸಿ ಬಂತು. ಸಂಜೆ ಹಾಜರಿ ಕೂಗುವಾಗಿನ ಗದ್ದಲ, ತಲೆಗೆ ಎಣ್ಣೆ ಹಚ್ಚಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಕೂರುವುದು, ಸಾರು ನೀರಾಗಿದೆ ಎಂಬ ದೂರು. ಈಗ ಮನೆಯಲ್ಲಿ ಸಾರು ಚೆನ್ನಾಗೇ ಆಗುತ್ತದೆ. ದೂರು ಹೇಳುವವರಿಲ್ಲ.

ಸಂಜೆ ಆರಕ್ಕೆ ಹ್ಯೂಸ್ಟನ್ನಿನ ಒಂದು ಶಾಲೆಯ ಊಟದ ಹಾಲಿನಲ್ಲಿ ತಂದೆತಾಯಿಯರ ಸಭೆ. ಹೊರಗೆ ಸೆಕೆ, ಮೈಗೆ ಅಂಟುವ ಗಾಳಿ. ಒಳಗೆ ಎ.ಸಿ., ಕಾಫಿ, ಮೇಲೆ ಸಕ್ಕರೆ ಹಚ್ಚಿದ ದುಂಡನೆಯ ಬನ್ನುಗಳು. ಚಿಕ್ಕ ಮಕ್ಕಳಿಗೆ ಮೂಲೆಯಲ್ಲಿ ಬಣ್ಣದ ಸೀಸ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂದು ತಾಯಂದಿರು ಸಭೆಗೇ ಬರುತ್ತಿರಲಿಲ್ಲವಂತೆ, ಅದಕ್ಕೆ ಈ ಏರ್ಪಾಟು. ಒಂದು ಮೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುತ್ತಿದ್ದರು. ಎಲ್ಲವೂ ಸ್ಪ್ಯಾನಿಷಿನಲ್ಲಿ. ನಮ್ಮ ಮಾನಸ ಆ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುವುದನ್ನು ನೋಡಿ ನಾನು ಬಾಯಿ ತೆರೆದುಕೊಂಡು ಕುಳಿತೆ.

ಪರದೆಯ ಮೇಲೆ ನಗುವ ಹುಡುಗ ಹುಡುಗಿಯರ ಚಿತ್ರ ಬಂತು. ಕೆಳಗೆ ಬರೆದದ್ದನ್ನು ಮಾನಸ ನನಗಾಗಿ ಕನ್ನಡದಲ್ಲಿ ಹೇಳಿದಳು. "ಇಲ್ಲಿ ನಿಮ್ಮ ಮಗಳಿಗೆ ಒಂದು ಕುಟುಂಬ ಸಿಗುತ್ತೆ, ಅಂತ."

ಮೂರನೆಯ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೈಯೆತ್ತಿ ಏನೋ ಅಂದಳು. ಹಾಲಿನಲ್ಲಿ ನಗು ಎದ್ದಿತು. ಅವಳು ನಗಲಿಲ್ಲ. ಅಂದದ್ದಿಷ್ಟೇ: "ಅವಳಿಗೆ ಕುಟುಂಬ ಇದೆಯಲ್ಲ."

ಅವಳೇ ರೊಸಾಲ್ಬಾ. ಊರಂಚಿನ ಫುಲ್‌ಶೀರ್ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕ್ಲೀನ್ ಮಾಡುವ ಕೆಲಸ, ಗಂಡನದು ಛಾವಣಿ ಹಾಕುವ ಕೆಲಸ. ಪಕ್ಕದಲ್ಲಿದ್ದವಳು ಮಗಳು ಅರಸೇಲಿ, ತೆಳ್ಳಗಿನ ಹುಡುಗಿ, ಉಗುರು ಕಚ್ಚುವ ಅಭ್ಯಾಸ. ಅವಳಿಗೆ ಆಸ್ಟಿನ್‌ನಲ್ಲಿ ಸೀಟು ಸಿಕ್ಕಿದೆ, ವಿದ್ಯಾರ್ಥಿವೇತನವೂ ಸಿಕ್ಕಿದೆ. ಬರುತ್ತೇನೆ ಎಂದು ತಿಳಿಸಲು ತಿಂಗಳ ಕೊನೆಯವರೆಗೆ ಮಾತ್ರ ಸಮಯ. ತಾಯಿಗೆ ಮಗಳು ಮನೆಯಲ್ಲೇ ಇದ್ದು ಹತ್ತಿರದ ಸಣ್ಣ ಕಾಲೇಜಿಗೆ ಹೋಗಲಿ ಎಂಬ ಹಟ.

"ಹುಡುಗಿಗೆ ಹದಿನೆಂಟು ತುಂಬಿದೆ ದೊಡ್ಡಮ್ಮ, ಅಮ್ಮನ ಸೈನ್ ಬೇಕಾಗಿಲ್ಲ," ಎಂದು ಮಾನಸ ಪಿಸುಗುಟ್ಟಿದಳು. "ಆದ್ರೆ ಅಮ್ಮ ಬಾಯಿಬಿಟ್ಟು ಹೋಗು ಅನ್ನದೆ ಹೋಗಲ್ಲ ಅಂತಾಳೆ. ಇಂಥವ್ರು ಪ್ರತಿವರ್ಷ ನಮ್ಮ ಕೈತಪ್ಪಿ ಹೋಗ್ತಾರೆ."

ರೊಸಾಲ್ಬಾ ಇನ್ನೊಂದು ಪ್ರಶ್ನೆ ಕೇಳಿದಳು. ಮಗಳು ಜ್ವರ ಬಂದು ಮಲಗಿದರೆ ಬಾಗಿಲು ತಟ್ಟುವವರು ಯಾರು? ಆರೋಗ್ಯ ಕೇಂದ್ರವಿದೆ, ಪ್ರತಿ ಮಹಡಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಇರುತ್ತಾನೆ, ಫೋನಿನಲ್ಲಿ ಆ್ಯಪ್ ಇದೆ ಎಂದು ಮಾನಸ ಹೇಳಿದಳು. ರೊಸಾಲ್ಬಾ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಒಪ್ಪಿದೆ ಎಂಬ ಅರ್ಥವಿಲ್ಲ.

ಆ ದಿನ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿರುವ ಮಾನಸಳ ಗೆಳತಿಯ ಮನೆಯಲ್ಲಿ ಉಳಿದೆವು. ಬಿಸಿ ಬಿಸಿ ತಿಳಿಸಾರು, ಹಪ್ಪಳ. ಆ ಮನೆಯ ಮಗು ನನ್ನ ಕನ್ನಡದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಕೊನೆಗೆ "ಗುಡ್‌ನೈಟ್ ಅಜ್ಜಿ" ಎಂದು ಓಡಿತು.

ಶನಿವಾರ ಬೆಳಿಗ್ಗೆ ಆರೂವರೆಗೆ ಅದೇ ಶಾಲೆಯ ಮುಂದೆ ಬಸ್ಸು ನಿಂತಿತ್ತು. ತಂದೆತಾಯಿಯರಿಗೆ ಕ್ಯಾಂಪಸ್ ತೋರಿಸಲು ವಿಶ್ವವಿದ್ಯಾಲಯವೇ ಕಳಿಸಿದ ಬಸ್ಸು, ಟಿಕೆಟ್ ಇಲ್ಲ. ಆಸ್ಟಿನ್‌ಗೆ ನೂರ ಅರವತ್ತೈದು ಮೈಲಿ, ಮೂರು ಗಂಟೆ. ಕೊನೆಯ ಗಳಿಗೆಯಲ್ಲಿ ರೊಸಾಲ್ಬಾ ಮಗಳೊಂದಿಗೆ ಬಂದಳು. ಬರುವುದಿಲ್ಲವೆಂದೇ ಮಾನಸ ಹೆದರಿದ್ದಳು. ನಾನು ಅಭ್ಯಾಸಬಲದಿಂದ ಎದ್ದು ನಿಂತು ತಲೆ ಎಣಿಸಿದೆ. ನಲವತ್ತೊಂದು. ಡ್ರೈವರ್ ನನ್ನನ್ನೇ ಮೇಡಂ ಎಂದುಕೊಂಡು ಹೊರಡಲಾ ಎಂದು ಕೇಳಿದ. ಹೊರಡಪ್ಪ ಎಂದೆ, ಅವನಿಗೂ ಅರ್ಥವಾಯಿತು.

ತಿಂಡಿಗೆ ಆಲೂಗಡ್ಡೆ ಪಲ್ಯ ಸುತ್ತಿದ ರೊಟ್ಟಿ ಕೊಟ್ಟರು, ಬೆಳ್ಳಿಯ ಬಣ್ಣದ ಕಾಗದದಲ್ಲಿ. ಇನ್ನೊಂದು ಕೇಳಿ ಇಸಿದುಕೊಂಡು ತಿಂದೆ. ಅರ್ಧ ದಾರಿ ಕಳೆದ ಮೇಲೆ ರಸ್ತೆಯ ಎರಡು ಬದಿಗೂ ನೀಲಿ ಹೂವು, ಹೊಲಗಟ್ಟಲೆ. ಎಲ್ಲರೂ ಫೋನು ತೆಗೆದು ಫೋಟೋ ಹೊಡೆದರು. ರೊಸಾಲ್ಬಾ ಹೂವಿನ ಕಡೆ ತಿರುಗಲಿಲ್ಲ, ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ ಕುಳಿತಿದ್ದಳು. ಅದು ಮೊದಲೇ ಸರಿಯಾಗಿತ್ತು.

ಆಸ್ಟಿನ್‌ನಲ್ಲಿ ಹೊಳೆಯುವ ಹಲ್ಲಿನ ಹುಡುಗನೊಬ್ಬ ನಮ್ಮನ್ನು ನಡೆಸಿಕೊಂಡು ಹೋದ. ಬಿಸಿಲು ಚುರುಗುಟ್ಟುತ್ತಿತ್ತು. ಲೈಬ್ರರಿ, ಆಟದ ಮೈದಾನ, ಹತ್ತಿ ಇಳಿಯಲು ಕಟ್ಟಿದ ಸುಳ್ಳು ಬಂಡೆ, ಎಲ್ಲ ತೋರಿಸಿದ. ಹಾಸ್ಟೆಲಿನಲ್ಲಿ ಟಿ.ವಿ. ಕೋಣೆ ತೋರಿಸಿ ಹೊರಗೆ ನಡೆದ.

ನನಗೆ ತಡೆಯಲಾಗಲಿಲ್ಲ. "ಟಾಯ್ಲೆಟ್ಟು? ಅಡುಗೆಮನೆ?" ಎಂದು ನನ್ನ ಸರ್ಕಾರಿ ಇಂಗ್ಲಿಷಿನಲ್ಲಿ ಕೇಳಿದೆ.

"ಅಯ್ಯೋ ದೊಡ್ಡಮ್ಮ, ಅದೆಲ್ಲ ಟೂರಿನಲ್ಲಿ ಇಲ್ಲ," ಎಂದಳು ಮಾನಸ.

"ಇಲ್ಲದಿದ್ರೆ ಸೇರಿಸು. ಹೆಣ್ಣು ಹೆತ್ತವರು ಬಂಡೆ ಕಟ್ಕೊಂಡು ಏನು ಮಾಡ್ತಾರೆ?"

ಹುಡುಗ ತಬ್ಬಿಬ್ಬಾಗಿ ಬಾಗಿಲು ತೆಗೆಸಿದ. ನೋಡನೋಡುತ್ತಿದ್ದಂತೆ ತಾಯಂದಿರೆಲ್ಲ ನನ್ನ ಹಿಂದೆ. ತಂದೆಯರು ಮೈದಾನದ ಕಡೆ ಹೋದರು. ನಾವು ನಲ್ಲಿ ತಿರುಗಿಸಿದೆವು, ಚಿಲಕ ಹಾಕಿ ತೆಗೆದೆವು, ಹಾಸಿಗೆ ಒತ್ತಿ ನೋಡಿದೆವು. ರೊಸಾಲ್ಬಾ ಕಿಟಕಿಯ ಕೊಂಡಿಯನ್ನು ಎರಡು ಸಲ ಪರೀಕ್ಷಿಸಿದಳು. ಅಡುಗೆಮನೆಯಲ್ಲಿ ಒಬ್ಬಳು ದಪ್ಪ ಹೆಂಗಸು ಹುರುಳಿಕಾಯಿ ಹೆಚ್ಚುತ್ತಿದ್ದಳು, ಅವಳೂ ರೊಸಾಲ್ಬಾಳಂತೆ ಮೆಕ್ಸಿಕೊದವಳೇ. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಊರು ಯಾವುದು, ಯಾವಾಗ ಬಂದೆ, ಇಲ್ಲಿನ ಮಕ್ಕಳು ತಟ್ಟೆಯಲ್ಲಿ ಎಷ್ಟು ಬಿಡುತ್ತಾರೆ.

ಆಮೇಲೆ ಮಾನಸಳ ಕೇಂದ್ರಕ್ಕೆ ಹೋದೆವು. ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಾತಾಡಿದಳು. ಮೊದಲ ತಿಂಗಳು ದಿನಾ ಅಳುತ್ತಿದ್ದಳಂತೆ. ಕೇಂದ್ರದವರು ಅವಳಿಗೆ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಜೊತೆ ಮಾಡಿದರು, ಹರಿದ ಪುಸ್ತಕದಿಂದ ಹಿಡಿದು ಹರಿದ ಮನಸ್ಸಿನವರೆಗೆ ಎಲ್ಲ ಅವಳ ಹತ್ತಿರವೇ ಹೇಳಿಕೊಂಡಳಂತೆ. ಬೇಸಿಗೆಯಲ್ಲಿ ಮುಂಚಿತವಾಗಿ ಕರೆಸಿ ಗಣಿತ ಹೇಳಿಕೊಡುತ್ತಾರೆ, ತಾಯಂದಿರಿಗೆ ಸ್ಪ್ಯಾನಿಷಿನಲ್ಲೇ ಸಂದೇಶ ಕಳಿಸುತ್ತಾರೆ. ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ನೂರಿಪ್ಪತ್ತು ಹುಡುಗಿಯರಿಗೆ ನಾನೊಬ್ಬಳೇ ಇದ್ದೆ.

ಊಟವಾದ ಮೇಲೆ ಅರಸೇಲಿ ಪ್ರಯೋಗಾಲಯ ನೋಡಲು ಹೋದಳು. ನಾನು, ರೊಸಾಲ್ಬಾ, ಮಾನಸ ಓಕ್ ಮರದ ಕೆಳಗಿನ ಬೆಂಚಿನಲ್ಲಿ ಕುಳಿತೆವು. ನಾನು ವಾರ್ಡನ್ ಆಗಿದ್ದೆ ಎಂದು ಅವಳಿಗೆ ತಿಳಿದಿತ್ತು. ನನ್ನ ಕಡೆ ತಿರುಗಿ ಕೇಳಿದಳು, ಮಾನಸ ಕನ್ನಡಕ್ಕೆ ತಂದಳು.

"ಸೆನ್ಯೋರಾ, ನಿಮ್ಮ ಹುಡುಗೀರು ಓದು ಮುಗಿಸಿ ಮನೆಗೆ ವಾಪಸ್ ಹೋದ್ರಾ?"

ಮೂವತ್ತೊಂದು ವರ್ಷ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಮಾನಸಳ ಕೆಲಸವೂ ಆಗುತ್ತಿತ್ತು. ಆದರೆ ಆ ಹೆಂಗಸು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನನಗೆ ಸಾಕಮ್ಮ ನೆನಪಾದಳು.

"ಇಲ್ಲ," ಎಂದೆ. "ಹಬ್ಬಕ್ಕೆ ಬರ್ತಾರೆ, ಎರಡು ದಿನ ಇದ್ದು ಹೋಗ್ತಾರೆ. ಸಾಕಮ್ಮ ಅಂತ ಒಬ್ಬಳು ತಾಯಿ ಇದ್ದಳು. ಅವಳ ಮಗಳು ನರ್ಸ್ ಆಗಿ ಮಂಗಳೂರಿಗೆ ಹೋದಳು. ಮಗಳು ಹೋದ ಮೇಲೂ ಸಾಕಮ್ಮ ಸಂತೆ ದಿನ ತಪ್ಪದೆ ನಮ್ಮ ಹಾಸ್ಟೆಲ್‌ಗೆ ಬಂದು ಕಟ್ಟೆ ಮೇಲೆ ಕೂರ್ತಿದ್ದಳು. ಯಾಕಮ್ಮ ಅಂದ್ರೆ, ನಾನು ಅವಳನ್ನ ಬಿಟ್ಟಿದ್ದು ಇಲ್ಲೇ ಅಲ್ವಾ ಅಂತಿದ್ದಳು. ಹಾಗೇ ವಾಪಸ್ ಕೊಡ್ತೀನಿ ಅಂತ ಎಲ್ಲರಿಗೂ ಹೇಳಿದೆ. ಒಬ್ಬಳನ್ನೂ ಹಾಗೇ ಕೊಟ್ಟಿಲ್ಲ."

"ಇದನ್ನ ನಾನು ಹೇಳಲ್ಲ ದೊಡ್ಡಮ್ಮ."

"ಹೇಳು."

"ಅವಳು ಮಗಳನ್ನ ಕಳಿಸಲ್ಲ ಆಮೇಲೆ. ಆ ಹುಡುಗಿಯ ಗತಿ ಏನು?"

"ಕೇಳಿದವಳು ತಾಯಿ ಕಣೆ. ಸುಳ್ಳು ಹೇಳಿ ಕರ್ಕೊಂಡು ಬಂದದ್ದು ಸಾಕು, ಹೇಳು."

ಮಾನಸ ಹೇಳಿದಳು, ತಲೆ ತಗ್ಗಿಸಿ, ನಿಧಾನವಾಗಿ. ರೊಸಾಲ್ಬಾ ಪೂರ್ತಿ ಕೇಳಿಸಿಕೊಂಡಳು. ಎದ್ದು ಬಸ್ಸಿನ ಕಡೆ ನಡೆದಳು.

ಮೂರು ಗಂಟೆಗೆ ಬಸ್ಸು ಹೊರಟಿತು. ಅರಸೇಲಿ ತಾಯಿಯ ಮುಖ ನೋಡಿದವಳೇ ಹಿಂದಿನ ಸೀಟಿಗೆ ಹೋಗಿ ಕಿಟಕಿಗೆ ತಲೆಯಾನಿಸಿ ಕುಳಿತಳು. ಮಾನಸ ನನ್ನೊಡನೆ ಮಾತು ಬಿಟ್ಟಿದ್ದಳು. ನನಗೆ ಅಳು ಬರುವಂತಾಯಿತು. ಯಾರದೋ ಮಗಳ ಬಾಳು, ಅದರ ಮಧ್ಯೆ ನಾನು ಯಾಕೆ ಕೈ ಹಾಕಿದೆ? ಬಾಯಿ ಮುಚ್ಚಿಕೊಂಡು ಹೂವು ನೋಡಿಕೊಂಡು ಬಂದಿದ್ದರೆ ಆಗುತ್ತಿರಲಿಲ್ಲವೇ?

ಒಂದು ಗಂಟೆ ಕಳೆದಿರಬಹುದು. ನಮ್ಮ ಮುಂದಿನ ಸೀಟಿನಲ್ಲಿದ್ದ ರೊಸಾಲ್ಬಾ ಫೋನು ತೆಗೆದು ವಿಡಿಯೋ ಕಾಲ್ ಮಾಡಿದಳು. ಪರದೆಯ ಮೇಲೆ ಸುಕ್ಕುಗಟ್ಟಿದ ಮುಖದ ಮುದುಕಿ, ಹಿಂದೆ ಒಣಹಾಕಿದ ಬಟ್ಟೆ.

"ಅವಳಮ್ಮ, ಮೆಕ್ಸಿಕೊದಲ್ಲಿರೋದು," ಎಂದು ಮಾನಸ ಕೊನೆಗೂ ಬಾಯಿಬಿಟ್ಟಳು. "ಇವಳ ಹತ್ತಿರ ಇಲ್ಲಿರೋಕೆ ಬೇಕಾದ ಕಾಗದಪತ್ರ ಇಲ್ಲ. ಗಡಿ ದಾಟಿ ಹೋದ್ರೆ ಮತ್ತೆ ಮಕ್ಕಳ ಹತ್ತಿರ ಬರೋಕಾಗಲ್ಲ. ಹತ್ತೊಂಬತ್ತು ವರ್ಷ ಆಯ್ತಂತೆ, ಫೋನಿನಲ್ಲೇ ನೋಡೋದು."

ರೊಸಾಲ್ಬಾ ಅಳುತ್ತಾ ಏನೇನೋ ಹೇಳಿದಳು. ಮುದುಕಿಗೆ ಕಿವಿ ಮಂದವಿರಬೇಕು, ಗಟ್ಟಿಯಾಗಿ ಕೂಗುತ್ತಿದ್ದಳು. ಬಸ್ಸಿಗೆಲ್ಲ ಕೇಳಿಸುತ್ತಿತ್ತು. ಮಾನಸ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು.

"ಎಷ್ಟು ದೂರವೇ ಆ ಊರು?"

"ಮೂರು ಗಂಟೆ ಅಮ್ಮ."

"ಅಲ್ಲಿಗೆ ಬಸ್ಸು ಹೋಗುತ್ತಾ?"

"ಹೋಗುತ್ತೆ."

"ಪೊಲೀಸು, ಗಡಿ, ಬೇಲಿ ಏನಾದ್ರೂ ಇದೆಯಾ ಮಧ್ಯದಲ್ಲಿ?"

"ಇಲ್ಲ ಅಮ್ಮ."

"ಮತ್ತೆ ಯಾಕೆ ಅಳ್ತೀಯೇ ಹುಚ್ಚಿ?" ಎಂದು ಮುದುಕಿ ನಗತೊಡಗಿದಳು. ಹಲ್ಲಿಲ್ಲದ ಬಾಯಿ ಅಗಲಿಸಿ, ಮನಸಾರೆ. ಬಸ್ಸಿನಲ್ಲಿ ಬೇರೆ ಯಾರೂ ನಗಲಿಲ್ಲ.

ರೊಸಾಲ್ಬಾ ಫೋನು ಇಟ್ಟು, ಮುಖ ಒರೆಸಿಕೊಂಡು, ಸೀಟು ಹಿಡಿದು ಹಿಡಿದು ಹಿಂದಕ್ಕೆ ನಡೆದಳು. ಮಗಳ ಪಕ್ಕ ಕುಳಿತು ಒಂದೇ ಒಂದು ಮಾತು ಹೇಳಿದಳು. ಹುಡುಗಿ ತಾಯಿಯನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಆಮೇಲೆ ಇಬ್ಬರೂ ಫೋನಿನ ಮೇಲೆ ಬಗ್ಗಿ ಬರುತ್ತೇನೆ ಎಂಬ ಗುಂಡಿ ಒತ್ತಿದರು. ಮಾನಸ ನನ್ನ ಕೈ ಅದುಮಿ ಹಿಡಿದಳು, ಬಿಡಲೇ ಇಲ್ಲ.

ಹ್ಯೂಸ್ಟನ್ನಿನಲ್ಲಿ ಇಳಿಯುವಾಗ ರೊಸಾಲ್ಬಾ ಬಾಗಿಲಲ್ಲಿ ನಿಂತು ಮಾನಸಳನ್ನು ಕೇಳಿದಳು, ಭಾನುವಾರ ಆಸ್ಟಿನ್‌ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು. ಏಳೂಕಾಲಿಗೆ ಎಂದು ಮಾನಸ ಫೋನು ನೋಡಿ ಹೇಳಿದಳು. ಅವಳು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡು, ನನಗೆ ಕೈ ಬೀಸಿ, ಮಗಳ ಹಿಂದೆ ಹೋದಳು. ನಾನು ತಲೆ ಎಣಿಸುವುದನ್ನೂ ಮರೆತು ನಿಂತಿದ್ದೆ. ಮಂಗಳೂರು, ಹಾಸನ, ಶಿರಾ, ಕಲಬುರಗಿ. ನನ್ನ ಹುಡುಗಿಯರಿರುವ ಊರಿಗೆಲ್ಲ ನಮ್ಮ ಕಡೆಯಿಂದ ಬಸ್ಸಿದೆ. ಯಾರೂ ಬರುವುದಿಲ್ಲ, ಯಾರೂ ಬರುವುದಿಲ್ಲ ಎಂದು ಮೂರು ವರ್ಷ ಬಾಗಿಲು ನೋಡುತ್ತಾ ಕುಳಿತೆನೇ ಹೊರತು, ಒಂದನ್ನೂ ಹತ್ತಲಿಲ್ಲ.