ವೈನಿ ಕಲಿಸಿದ್ದು

ಗೌರಿ, ನಿನ್ನ ಅವ್ವ ನಿನಗೆ ಏನೂ ಕಲಿಸಲಿಲ್ಲ ಎಂಬುದು ಸುಳ್ಳು. ಆ ಸುಳ್ಳು ಹೇಳಿದವಳು ನಾನು, ನಿನ್ನ ಸೋದರತ್ತೆ.

ತೊಂಬತ್ತರ ದಶಕದ ಮಾತು. ಉಬ್ಬಸದ ದೆಸೆಯಿಂದ ನಿನ್ನನ್ನು ಶಾಲೆ ಬಿಡಿಸಿದ್ದರು. ಅಕ್ಕಲಕೋಟದ ಮನೆಯಲ್ಲಿ ನಿನ್ನ ಅವ್ವ, ನನ್ನ ವೈನಿ, ತಾವೇ ನಿನಗೆ ಕಲಿಸುತ್ತಿದ್ದರು — ಕನ್ನಡದಲ್ಲಿ, ಹೆಚ್ಚಾಗಿ ಅಡುಗೆಮನೆಯಲ್ಲಿ, ತಮಗೆ ತೋಚಿದ ಹಾಗೆ. ಅಣ್ಣನಿಗೆ ಇನ್ನೊಂದು ದಾರಿಯೂ ಕಂಡಿತ್ತು: ಸರಕಾರದ ಟಪಾಲು ಶಾಲೆ. ಮರಾಠಿ ಪಾಠಗಳು ಮನೆಗೇ ಬರುತ್ತವೆ, ಪರೀಕ್ಷೆಗಷ್ಟೇ ಸೋಲಾಪುರಕ್ಕೆ ಹೋದರಾಯಿತು. ಯಾವುದು ಸರಿಯೆಂದು ತಿಳಿಯದೆ ಅವನು ನನ್ನನ್ನು ಕರೆಸಿದ. ಸೋಲಾಪುರದ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದೆನಲ್ಲ — ಓದಿನ ವಿಷಯಕ್ಕೆ ಮನೆಯಲ್ಲಿ ನನ್ನದೇ ಕೊನೆಯ ಮಾತು.

ಎಸ್‌ಟಿ ಬಸ್ಸು ಇಳಿಯುವ ಮೊದಲೇ ನನ್ನಲ್ಲಿ ಸಂಶಯವಿತ್ತು. ತಡವಳದಂಥ ಹಳ್ಳಿಯ ಹೆಂಗಸು, ನಾಲ್ಕನೆಯ ಇಯತ್ತೆಗೇ ಓದು ಬಿಟ್ಟವಳು, ಏನು ಕಲಿಸಿಯಾಳು? ಓದಿನ ನೆಪದಲ್ಲಿ ಮಗಳನ್ನು ಒಲೆಯ ಮುಂದೆ ಕೂರಿಸಿಕೊಂಡಿದ್ದಾಳೆ, ಕೆಲಸಕ್ಕೊಂದು ಕೈ ಬೇಕಲ್ಲ... ಚಹಾ ಕೊಟ್ಟು ವೈನಿ ಸುಮ್ಮನೆ ಒಳಗೆ ಹೋದದ್ದರಲ್ಲೂ ಏನೋ ಮುಚ್ಚಿಡುವ ಹುನ್ನಾರ ಕಂಡಿತು ನನಗೆ.

ಅಣ್ಣನೆದುರು ನಿನ್ನನ್ನು ಪರೀಕ್ಷಿಸಿದೆ, ಪುಸ್ತಕದ ಮರಾಠಿಯಲ್ಲಿ. ನಮ್ಮವರ ರೀತಿಯೇ ಅದು: ಮನೆಗೆ ಕನ್ನಡ, ಓದೆಂದರೆ ಮರಾಠಿ. "ಬಾಷ್ಪೀಭವನ ಮ್ಹಣಜೇ ಕಾಯ?" ಎಂದೆ, ಬಾಷ್ಪೀಭವನ ಅಂದರೇನು ಎಂದು. ನೀನು ತಲೆ ತಗ್ಗಿಸಿದೆ. ಮುಂದಿನ ಪ್ರಶ್ನೆಗಳಿಗೂ ಅಷ್ಟೇ. ಅಣ್ಣ ಬೇಸರದಿಂದ ಎದ್ದು ಅಂಗಳಕ್ಕೆ ಹೋದ.

ಆಗ — ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ — ಅದನ್ನೇ ನಮ್ಮ ಮಾತಿನಲ್ಲಿ ಕೇಳಿದೆ. ಒಣಹಾಕಿದ ಸೀರೆಯ ನೀರು ಎಲ್ಲಿ ಹೋಗುತ್ತದೆ ಎಂದು.

"ಆವಿ ಆಗಿ ಗಾಳ್ಯಾಗ ಸೇರ್ತದ್ರಿ ಅತ್ತಿ," ಅಂದೆ ನೀನು. "ಅಗಲ ಹಾಸಿದ್ರ ಲಗೂ ಒಣಗ್ತದ. ಅವ್ವಾ ಎರಡೂ ಥರಾ ಹಾಕಿ ತೋರಿಸ್ಯಾಳ."

ಭಿನ್ನರಾಶಿ ಕೇಳಿದೆ, ನೀನು ರೊಟ್ಟಿ ಮುರಿದಷ್ಟು ಸಲೀಸಾಗಿ ಹೇಳಿದೆ. ನಮ್ಮ ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುವುದನ್ನು ನೀನು ತಿಳಿದು ಹೇಳುತ್ತಿದ್ದೆ. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನನ್ನ ಸಂಶಯ ಸುಳ್ಳಾದದ್ದನ್ನು ಸಹಿಸಲಾಗಲಿಲ್ಲ.

ಅಣ್ಣ ಒಳಗೆ ಬಂದ. ಹಿಂದೆಯೇ ವೈನಿಯೂ ಬಂದು ಬಾಗಿಲಲ್ಲಿ ನಿಂತರು.

"ಏನೂ ಬರಂಗಿಲ್ಲ ಅಣ್ಣಾ," ಅಂದೆ. "ವೈನಿ ಈಕಿ ವರ್ಷ ಹಾಳ ಮಾಡ್ಯಾರ."

ನೀನು ನನ್ನ ಮುಖ ನೋಡಿದೆ. ನಿನ್ನ ಉತ್ತರಗಳೇ ತಪ್ಪಿರಬೇಕು ಅಂದುಕೊಂಡೆಯೇನೋ... ವೈನಿಯೂ ನಂಬಿದರು. ಸೋಲಾಪುರದಿಂದ ಬಂದವಳು ಹೇಳಿದ ಮೇಲೆ ಮುಗಿಯಿತಲ್ಲ.

ಟಪಾಲು ಶಾಲೆಯೇ ನಿಶ್ಚಯವಾಯಿತು. ನೀನು ಪಾಸಾದೆ, ನಿಜ. ಆದರೆ ವೈನಿ ಮತ್ತೆಂದೂ ನಿನ್ನ ಪಕ್ಕ ಕೂತು ಒಂದಕ್ಷರ ಹೇಳಿಕೊಡಲಿಲ್ಲ.

ಮೊನ್ನೆ ನಿನ್ನ ಮಗಳು ಲೆಕ್ಕ ಹಿಡಿದು ಅಜ್ಜಿಯ ಹತ್ತಿರ ಹೋದಾಗ ನೀನು ನಕ್ಕು, "ಅಜ್ಜಿಗೇನ್ ಬರ್ತದವಾ, ನನಗೂ ಏನೂ ಕಲಿಸಿಲ್ಲ" ಅಂದೆ. ವೈನಿಯೂ ನಕ್ಕರು. ನಾನು ಪಕ್ಕದಲ್ಲೇ ಇದ್ದೆ — ಬಾಯಿ ಬಿಡಲಿಲ್ಲ.

ಭಾನುವಾರ ಅಕ್ಕಲಕೋಟಕ್ಕೆ ಬರುತ್ತೇನೆ. ಇದನ್ನೆಲ್ಲ ವೈನಿಯ ಎದುರಿಗೆ ಹೇಳುತ್ತೇನೆ. ಕ್ಷಮಿಸಿರೆಂದು ಕೇಳುವುದಿಲ್ಲ. ನೀನು ಬಾ, ಮಗಳನ್ನೂ ಕರೆದುಕೊಂಡು ಬಾ. ಅವಳ ಅಜ್ಜಿಗೆ ಏನು ಬರುತ್ತದೆಂದು ನನ್ನ ಬಾಯಿಂದಲೇ ಅವಳೂ ಕೇಳಲಿ.