ಲೈಬ್ರರಿ ಅಕ್ಕೋರು ಬರೆದ ಎರಡು ಸಾಲು

ಅವರ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ನೇರಳೆ. ಪುಸ್ತಕಕ್ಕೆ ತಾರೀಖು ಒತ್ತುವ ಮೊಹರಿನ ಶಾಯಿ ಅದು. ಸಾಬೂನಿಗೂ ಹೋಗದೆ, ಹಬ್ಬದ ರಜೆಗೂ ಹೋಗದೆ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಆ ಹೆಬ್ಬೆರಳು ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಕಾಣಿಸಿತೆಂದರೆ ಲೈಬ್ರರಿ ಅಕ್ಕೋರು ಬಂದರು ಎಂದೇ ಅರ್ಥ. ಹೆಂಚಿನಿಂದ ಇಳಿದ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿಹಿಂಡಿ ಹಾಕಿ ಮಡಚಿ ಕೊಟ್ಟರೆ ನಿಂತೇ ತಿಂದು, ನಿಂತೇ ಚಹಾ ಕುಡಿದು, ಸ್ಕೂಟಿ ಹತ್ತಿ ಕಾಲೇಜಿಗೆ ಹೊರಡುವರು. ಕೂತರೆ ಮಾತು ಬೆಳೆಯುತ್ತದೆ ಎನ್ನುವುದು ಅವರ ಭಯ.

ಆ ದಿನ ಅವರು ಕೂತರು.

ಹಿಟ್ಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಸೀರೆಯ ನಿರಿಗೆ ಒತ್ತಿಕೊಂಡು ಮಣೆಯ ಮೇಲೆ ಕೂತವರನ್ನು ನೋಡಿ ನನ್ನ ಕೈ ನಿಂತಿತು. ನನ್ನ ಯಜಮಾನರು ಬಚ್ಚಲಿನಲ್ಲಿದ್ದರು. ಹನ್ನೊಂದಕ್ಕೆ ಅವರ ಬಡ್ತಿಯ ಸಂದರ್ಶನ. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ತೂಗುತ್ತಿತ್ತು.

"ತಂಗಿ, ಒಂದು ಮಾತು ಹೇಳಾಕ ಬಂದೇನಿ. ಸಿಟ್ಟ ಮಾಡ್ಕೋಬ್ಯಾಡ."

"ಏನ್ರಿ ಅಕ್ಕೋರ, ಹಿಂಗ್ಯಾಕ ಮಾತಾಡ್ತೀರಿ?"

"ಸರ್ರ ಕಾಗದಕ್ಕ ಅವರು ಹೇಳಿದಂಗ ನಾ ಸಹಿ ಮಾಡಂಗಿಲ್ಲ. ಮಂದಿ ಬಾಯಿಂದ ನೀ ಕೇಳೂದು ಬ್ಯಾಡ ಅಂತ ಇಲ್ಲೇ ಹೇಳಾಕತ್ತೇನಿ."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆ ನನಗೆ ಎಚ್ಚರವಾಯಿತು.

ಯಜಮಾನರು ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡನ್ನು ಜೋಳದ ದಂಟು ಸುಟ್ಟ ಇದ್ದಲಿನಿಂದ ಸೋಸಿ ತೆಗೆಯುವುದು ಅವರ ಸಂಶೋಧನೆ. ಬಡ್ತಿ ಬೇಕೆಂದರೆ ಎಷ್ಟು ಲೇಖನ ಬರೆದಿದ್ದಾರೆ, ಯಾರ್ಯಾರ ಜೊತೆಗೂಡಿ ಬರೆದಿದ್ದಾರೆ, ಅವನ್ನು ಎಷ್ಟು ಮಂದಿ ತಮ್ಮ ಲೇಖನಗಳಲ್ಲಿ ಹೆಸರು ಹೇಳಿ ಉಲ್ಲೇಖಿಸಿದ್ದಾರೆ ಎಂಬುದನ್ನೆಲ್ಲ ಲೆಕ್ಕ ಹಾಕಬೇಕು. ಆ ಲೆಕ್ಕ ನೋಡಿ ಸಹಿ ಹಾಕುವುದು ಲೈಬ್ರರಿಯ ಕೆಲಸ.

ಅಕ್ಕೋರಿಗೂ ನನಗೂ ಇದ್ದ ನಂಟು ಬೇರೆ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಕೂತರೆ ಕಣ್ಣು ಎಡವುತ್ತಿತ್ತು. ಮದುವೆಯಾಗಿ ಬಾಗಲಕೋಟೆಗೆ ಬಂದ ಹೊಸದರಲ್ಲಿ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಹಿಂದಿನ ಓಣಿಯ ಅಕ್ಕೋರು ಒಂದು ದಿನ ಚೀಲದಿಂದ ಪುಸ್ತಕ ತೆಗೆದು ಹಾಲಿನ ಪಾತ್ರೆಯ ಪಕ್ಕ ಇಟ್ಟರು. "ಚಲೋ ಐತೇನ್ರಿ?" ಎಂದೆ. "ಅದನ್ನ ನೀ ಹೇಳಬೇಕು. ನಾ ಬರೇ ತಂದು ಕೊಡಾಕಿ" ಎಂದು ಹೋದರು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ತಡವಾದ ಪುಸ್ತಕಕ್ಕೆ ನನ್ನ ರೊಟ್ಟಿ ತಿನ್ನುತ್ತಲೇ ದಂಡ ಕೇಳಿದ ಮಹಾತಾಯಿ ಅವರು! ಪುಸ್ತಕ ಹೇಗಿತ್ತೆಂದು ಎಂದೂ ಕೇಳುತ್ತಿರಲಿಲ್ಲ. ನಡುವೆ ಯಾವುದಾದರೂ ಒಂದು ಪುಟದ ಸಂಗತಿ ಎತ್ತುವರು. ನಾನು ತಡವರಿಸಿದರೆ, "ಬರೇ ನೋಡೀದಿ, ಓದಿಲ್ಲ" ಎಂದು ಅದೇ ಪುಸ್ತಕವನ್ನು ಮತ್ತೆ ಇಟ್ಟು ಹೋಗುವರು. ಈಗ ಈ ನಾಲ್ಕು ಮಾತನ್ನು ಕನ್ನಡದಲ್ಲಿ ಬರೆಯಲು ಬರುತ್ತಿದೆಯಲ್ಲ, ಅದು ಅವರ ಋಣ.

ಇಂಥವರು ಈಗ ಮಣೆಯ ಮೇಲೆ ಕೂತು ನನ್ನ ಗಂಡನ ಬಡ್ತಿಗೆ ಅಡ್ಡ ಬಂದಿದ್ದರು.

ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡೇ ಅಡುಗೆಮನೆಗೆ ಬಂದರು. ಮಾತು ಕಿವಿಗೆ ಬಿದ್ದಿತ್ತು.

"ಅಲ್ರಿ ಅಕ್ಕೋರ, ಕಂಪ್ಯೂಟರಿನಾಗ ನಲವತ್ತೊಂದು ಅಂತ ತೋರಸ್ತೈತಿ. ನಾ ಏನ್ ಕೈಲೆ ಬರಕೊಂಡೇನೇನು?"

"ಇಲ್ಲ ಸರ್ರ. ಆದ್ರ ಮೂವತ್ತೆರಡು ಬಾದಾಮಿ, ಹುನಗುಂದ, ಇಳಕಲ್ಲಿನವು. ಹೊರಗಿನವು ಒಂಬತ್ತ ಅದಾವ."

"ಆ ಊರಾಗ ಇರೋರು ಮನಷ್ಯಾರಲ್ಲೇನು?"

"ಮನಷ್ಯಾರ. ನಿಮ್ಮ ಗೆಳೆಯಾರು. ನೀವು ಅವರದ ಹಾಕ್ತೀರಿ, ಅವರು ನಿಮ್ಮದ ಹಾಕ್ತಾರ. ಮದುವ್ಯಾಗ ಆಯೇರಿ ಮಾಡಿದ ಖಣ ಇದ್ದಂಗ ಅದಾವ ಸರ್ರ ಇವು. ಈ ಮನಿಯಿಂದ ಆ ಮನಿಗೆ ಹೊಕ್ಕಾವ, ಆ ಮನಿಯಿಂದ ಮತ್ತ ಈ ಮನಿಗೆ ಬರ್ತಾವ. ಯಾರೂ ಕುಬಸ ಹೊಲಿಸಿ ತೊಟ್ಟಿಲ್ಲ."

ನನ್ನ ಟ್ರಂಕಿನಲ್ಲೂ ಅಂಥ ಗುಳೇದಗುಡ್ಡದ ಖಣಗಳಿದ್ದವು. ಮಡಿಕೆಯ ಗೆರೆಯೇ ಬಿಳಿಚಿಕೊಂಡಂಥವು. ನಗು ಬರಬೇಕಿತ್ತು, ಬರಲಿಲ್ಲ.

ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಮೋಸಗಾರರಲ್ಲ. ಇವರೂ ಸೇರಿ ಆ ನಾಲ್ವರು ಒಟ್ಟಿಗೆ ಓದಿದ ಗೆಳೆಯರು. ನಾಲ್ಕು ಊರಿನ ನಾಲ್ಕು ಕಾಲೇಜು ಸೇರಿದವರು. ಆಗೀಗ ಅಮೀನಗಡದಲ್ಲಿ ಕೂಡಿ, ಚಹಾ ಕುಡಿದು, ಮನೆಗಳಿಗೆ ಕರದಂಟು ಕಟ್ಟಿಸಿಕೊಂಡು ಹೊರಡುವರು. ಮೊದಮೊದಲು ಒಬ್ಬರ ಲೇಖನ ಇನ್ನೊಬ್ಬರಿಗೆ ಖರೆಯಾಗಿಯೂ ಬೇಕಾಗುತ್ತಿತ್ತು. ಆಮೇಲೆ ಬೇಕಿರಲಿ ಬಿಡಲಿ, ಕೊನೆಯ ಪುಟದಲ್ಲಿ ನಾಲ್ವರ ಹೆಸರೂ ಬಂದು ಕೂರತೊಡಗಿದವು. ಮದುವೆಗೆ ಕರೆದ ಮೇಲೆ ಬರಿಗೈಲಿ ಹೋಗುವುದು ಹೇಗೆ ಎಂಬಂತೆ.

"ನಮ್ಮ ಮನಿ ರೊಟ್ಟಿ ತಿಂದು ನಮಗ ಹಿಂಗ ಮಾಡ್ತೀರೇನ್ರಿ?" ಎಂದರು ಯಜಮಾನರು. ಹಾಗೆ ಅಂದದ್ದಕ್ಕೆ ಅವರಿಗೇ ನಾಚಿಕೆಯಾದದ್ದು ಕಿವಿ ಕೆಂಪಾದಾಗ ನನಗೆ ಗೊತ್ತಾಯಿತು.

"ತಿಂದೇನಿ ಸರ್ರ. ಅದಕ್ಕ ಇಲ್ಲಿ ಬಂದು ಮುಂದ ಕುಂತು ಹೇಳಾಕತ್ತೇನಿ." ಅಕ್ಕೋರು ಎದ್ದರು. ಅಂದು ರೊಟ್ಟಿ ಮುಟ್ಟಲಿಲ್ಲ. ಯಜಮಾನರೂ ಮುಟ್ಟದೆ ಹೊರಟರು.

ಹತ್ತರ ಸುಮಾರಿಗೆ ಯಜಮಾನರ ಫೋನ್ ಬಂತು. "ನೀ ಒಂದು ಮಾತು ಹೇಳಿ ನೋಡು. ನೀ ಹೇಳಿದ್ರ ಕೇಳ್ತಾರ ಅವರು." ದನಿ ಸಣ್ಣಗಾಗಿತ್ತು. ಬೇಡಿ ಗೊತ್ತಿದ್ದವರ ದನಿ ಅಲ್ಲ ಅದು. ನಾನು ಸೀರೆ ಬದಲಿಸಿ ಆಟೋ ಹತ್ತಿದೆ. ಬೇಡಿಕೊಳ್ಳಲೆಂದೇ ಹೊರಟಿದ್ದೆ.

ಅಕ್ಕೋರು ಲೈಬ್ರರಿಯ ಮೂಲೆಯ ಕಂಪ್ಯೂಟರ್ ಮುಂದಿದ್ದರು. ನನ್ನನ್ನು ಕಂಡು ಸೆರಗಿನ ಚುಂಗಿನಿಂದ ಪರದೆ ಒರೆಸಿದರು. ಮಾತು ಸಿಗದಾಗ ಹಾಗೆ ಮಾಡುವುದು ರೂಢಿ.

"ಸರ್ರು ಕಳಿಸಿದ್ರೇನು?"

"ಹೌದ್ರಿ."

"ಬಾ ಕುಂದ್ರು. ಆರು ಲೇಖನ ಇದ್ದು, ಒಂದೊಂದನ್ನ ಆರು ಸಲನಾದ್ರೂ ಮಂದಿ ಉಲ್ಲೇಖ ಮಾಡಿದ್ರ ಎಚ್-ಇಂಡೆಕ್ಸ್ ಆರು ಅಂತಾರ. ಸರ್ರದು ಈಗ ಆರು ಐತಿ. ಬಡ್ತಿಗೆ ಐದು ಸಾಕು. ಗೆಳೆಯಾರದ್ದ ತಗದ್ರ ಎರಡಕ್ಕ ಇಳಿತೈತಿ." ಅವರು ಒಂದು ಹಾಳೆ ಮುಂದಿಟ್ಟರು. ಮೇಲಿನ ಸಾಲು: ಒಟ್ಟು ಉಲ್ಲೇಖ ನಲವತ್ತೊಂದು. ಕೆಳಗಿನ ಸಾಲು: ಅದರಲ್ಲಿ ಹೊರಗಿನವು ಒಂಬತ್ತು. ಅದರ ಕೆಳಗೆ ಅವರ ಸಹಿ. "ಎರಡೂ ಬರದೇನಿ. ಬರೇ ಮ್ಯಾಲಿನ ಸಾಲು ಬರದು ಸಹಿ ಮಾಡ್ರಿ ಅಂತ ಪ್ರಿನ್ಸಿಪಾಲರು ಎರಡು ಸಲ ಫೋನ್ ಮಾಡಿದ್ರು. ಇಲ್ಲಂದೆ. ತಾವೇ ಸಹಿ ಮಾಡಿ ಕೊಡ್ತಾರಂತ ಈಗ."

"ಹೆದರಿಕಿ ಆಗಲಿಲ್ಲೇನ್ರಿ?"

"ಯಾಕ ಆಗಂಗಿಲ್ಲ? ಮೊಹರ ನೋಡಿಲ್ಲಿ."

ಸಹಿಯ ಪಕ್ಕ ಅದು ಎರಡು ಸಲ ಬಿದ್ದು ತಾರೀಖು ಕಲಸಿಹೋಗಿತ್ತು. ಅದನ್ನು ನೋಡಿದ ಮೇಲೆ ಬೇಡಿಕೊಳ್ಳುವ ಮಾತು ಬಾಯಿಗೆ ಬರಲಿಲ್ಲ. ಬದಲಿಗೆ, "ಆ ಒಂಬತ್ತರಾಗ ಏನ್ ಬರದಾರ್ರಿ?" ಎಂದು ಕೇಳಿಬಿಟ್ಟೆ.

ಅಕ್ಕೋರ ಮುಖ ಅರಳಿತು. "ಇಷ್ಟ ದಿವಸದಾಗ ಸರ್ರೂ ಇದನ್ನ ಕೇಳಲಿಲ್ಲ ನೋಡು." ಅಷ್ಟನ್ನೂ ಒಂದೊಂದಾಗಿ ತೆರೆದು ಓದಿದ್ದರು ಅವರು. ಗೆಳೆಯರ ಮೂವತ್ತೆರಡರಲ್ಲಿ ಬರೀ ಹೆಸರುಗಳ ಸಾಲು. 'ಇವರನ್ನೂ ನೋಡಿ' ಎನ್ನುವಂಥದ್ದು. ಒಂಬತ್ತರಲ್ಲಿ ಒಂದನ್ನು ನನ್ನಿಂದ ಓದಿಸಿದರು. ಎಲ್ಲಿಯೋ ಹೊರದೇಶದ ಮೂವರು ತಮ್ಮ ಹಳ್ಳಿಯ ಬಾವಿ ನೀರಿಗೆ ಯಜಮಾನರ ವಿಧಾನ ಹಚ್ಚಿದ್ದರು. ಜೋಳದ ದಂಟಿನ ಬದಲು ತಮ್ಮಲ್ಲಿ ಬೆಳೆಯುವ ಹುಲ್ಲಿನ ಕಡ್ಡಿ ಸುಟ್ಟು ಇದ್ದಲು ಮಾಡಿದ್ದರು. ಇವರು ಹೇಳಿದಷ್ಟು ಫ್ಲೋರೈಡ್ ಅಲ್ಲಿ ಇಳಿದಿರಲಿಲ್ಲ. ಯಾಕೆ ಇಳಿಯಲಿಲ್ಲವೆಂದು ಒಂದಿಡೀ ಪುಟ ಇವರೊಡನೆ ವಾದಕ್ಕೆ ನಿಂತಿದ್ದರು. ಕಾನ್ವೆಂಟಿನ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳುತ್ತ ಹೋದಂತೆ ಅಕ್ಕೋರು ತಲೆದೂಗಿದರು.

"ಜಗಳಾ ತಗದಾರ ನೋಡು! ಪೂರಾ ಓದಿಲ್ಲಂದ್ರ ಹಿಂಗ ಜಗಳಾ ಮಾಡಾಕ ಬರಂಗಿಲ್ಲ. ಇದನ್ನ ಸರ್ರಿಗೆ ತೋರಸು. ಈಗ ನಾ ಹೇಳಿದ್ರ ಅವರಿಗೆ ಕೇಳಸಂಗಿಲ್ಲ."

ಆ ಪುಟವನ್ನು ಮುದ್ರಿಸಿ, ಎರಡು ಸಾಲಿನ ಹಾಳೆಯ ಜೊತೆ ನನ್ನ ಕೈಗಿಟ್ಟರು.

ಯಜಮಾನರು ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಂತಿದ್ದರು. ಪ್ರಿನ್ಸಿಪಾಲರು ಸಹಿ ಮಾಡಿದ ಒಂದೇ ಸಾಲಿನ ಕಾಗದ ಆಗಲೇ ಅವರ ಕೈ ಸೇರಿತ್ತು. ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಒಪ್ಪಿದ್ರೇನು?"

"ಇಲ್ರಿ. ಇದನ್ನೊಂದಿಷ್ಟು ಓದ್ರಿ."

"ಇದೇನ್ ಓದೋ ಹೊತ್ತೇನ?"

"ನಿಮ್ಮ ಇದ್ದಲಿನ ಬಗ್ಗೆ ಬರದಾರ. ನಿಮ್ಮ ಜೋಡಿ ವಾದ ಮಾಡ್ಯಾರ."

"ಯಾರು?" ಅವರು ಕೈ ಚಾಚಿದರು. ಎರಡು ಸಾಲು ಓದಿದರೋ ಮೂರು ಓದಿದರೋ, ಒಳಗಿನಿಂದ ಸಂದರ್ಶನಕ್ಕೆ ಹೆಸರು ಕೂಗಿದರು. ಅಕ್ಕೋರ ಕಾಗದ, ಪ್ರಿನ್ಸಿಪಾಲರ ಕಾಗದ, ಆ ಪುಟ, ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡೇ ಬಾಗಿಲು ತಳ್ಳಿದರು. ಯಾವುದನ್ನು ಮುಂದಿಡುತ್ತಾರೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಆಗ ಗೊತ್ತಿರಲಿಕ್ಕಿಲ್ಲ.

ಅಕ್ಕೋರು ಈಗ ಇಲ್ಲ. ನಿವೃತ್ತಿಯಾದ ಮೇಲೆ ಬೇವೂರಿನ ತವರುಮನೆಯಲ್ಲಿದ್ದರು. ಹೋದ ಚಳಿಗಾಲದಲ್ಲಿ ಜ್ವರ ಬಂದದ್ದೇ ನೆಪವಾಯಿತು. ಮಣ್ಣಿಗೆ ಹೋದಾಗ ಅವರ ಅಣ್ಣನ ಮಗಳು ಅಳುತ್ತಳುತ್ತಲೇ ನಕ್ಕು ಹೇಳಿದಳು: ದವಾಖಾನಿಯಲ್ಲಿ ನರ್ಸ್ ಚೀಟಿ ನೋಡಿ ಗುಳಿಗೆ ಕೊಡಲು ಬಂದರೆ, "ಓದಿದ್ಯೋ, ಬರೇ ನೋಡಿದ್ಯೋ?" ಎಂದು ಕೇಳಿದ್ದರಂತೆ. ನಮ್ಮ ಮನೆಯಲ್ಲಿ ಇಂದಿಗೂ ಯಾರಾದರೂ ಯಾವುದರ ಬಗ್ಗೆಯಾದರೂ ದೊಡ್ಡದಾಗಿ ಹೇಳಹೊರಟರೆ ನಾನು ಅದನ್ನೇ ಕೇಳುತ್ತೇನೆ. ಕೇಳುವಾಗ ಅವರ ದನಿಯೇ ಬಂದುಬಿಡುತ್ತದೆ.

ಸಂದರ್ಶನದ ದಿನ ಮಧ್ಯಾಹ್ನ ಮಾತ್ರ ನನಗೆ ಯಾವ ದನಿಯೂ ಬೇಕಿರಲಿಲ್ಲ, ಯಜಮಾನರದೊಂದು ಬಿಟ್ಟು. ಫೋನ್ ಬಂದ್ ಆಗಿತ್ತು. ಅನ್ನ ಮಾಡಿಟ್ಟೆ, ಯಾರೂ ಉಣ್ಣಲಿಲ್ಲ. ಒಣಗಿದ ಬಟ್ಟೆ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಗೇಟು ಸಪ್ಪಳವಾದಾಗೊಮ್ಮೆ ಕಿಟಕಿಗೆ ಹೋದೆ. ಮೇಲಿನ ಸಾಲು ಹೇಳಿ ಗೆದ್ದು ಬಂದರೆ ನಾಳೆ ಅಕ್ಕೋರ ಮುಖ ನೋಡುವುದು ಹೇಗೆ? ಕೆಳಗಿನದು ಹೇಳಿ ಸೋತು ಬಂದರೆ ಇವರ ಮುಖ ನೋಡುವುದು ಹೇಗೆ?

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಕಾಕು ಖಾಲಿ ವಾಟಗ ಹಿಡಿದು ಬಂದರು. ಅವರ ಮಗ ಕಾಲೇಜಿನ ಆಫೀಸಿನಲ್ಲಿ ಸಿಪಾಯಿ. ಅಲ್ಲಿನ ಸುದ್ದಿ ನಮಗಿಂತ ಮೊದಲು ಅವರ ಮನೆ ತಲುಪುತ್ತದೆ.

"ಹೆಪ್ಪಿಗೆ ಒಂದೀಟು ಮಸರು ಹಾಕವಾ. ಅಲ್ಲ, ನಿಮ್ಮ ಮನಿಯವ್ರಿಗೆ ಇವತ್ತ ಏನಾಗಿತ್ತು? ಆ ಇಂಟರ್‌ವ್ಯೂ ಮಾಡಾಕ ಬಂದ ದೊಡ್ಡ ಸಾಹೇಬ್ರು ನಲವತ್ತೊಂದ ಅದಾವಲ್ರಿ ಅಂದ್ರ, ಇವರೇ ಬಾಯಿಬಿಟ್ಟು, ಇಲ್ರಿ ಒಂಬತ್ತ ಅಂದ್ರಂತ. ಮತ್ತ ಮುಂದಿನ ಸಲ ಬರ್ರಿ ಅಂತ ಹೇಳಿ ಕಳಿಸ್ಯಾರಂತ. ಇದ್ದದ್ದನ್ನ ಕಡಿಮಿ ಹೇಳ್ಕೊಂಡು ಬರೋರನ್ನ ನಾ ಎಲ್ಲೂ ನೋಡಿಲ್ಲಬಿಡವಾ. ಈಗ ಲೈಬ್ರರ್ಯಾಗ ಆ ಅಕ್ಕೋರ ಜೋಡಿ ಕುಂತು ಅದೇನೋ ಓದಾಕತ್ತಾರಂತ, ನಮ್ಮ ಹುಡುಗಗ ಬಾಗಲಾ ಹಾಕ್ಕೊಂಡ ಬರಾಕೂ ಬಿಡವಲ್ರು."