ಬಿಚ್ಚುವ ದಿನ ಹೇಳಲಿಲ್ಲ

೨೦೧೮ರಲ್ಲಿ ನಾನು ಅಕ್ಕಲಕೋಟ ತಾಲೂಕಿನ ಒಂದು ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಬಾಣಂತಿ, ಕೂಸು, ಲಸಿಕೆ ಇವನ್ನು ನೋಡಿಕೊಳ್ಳುವ ನರ್ಸಿಗೆ ಹಾಗೆನ್ನುತ್ತಾರೆ. ಸೋಲಾಪುರದ ವಿಜಾಪುರ ರಸ್ತೆಯ ಮನೆಯಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಚೀಲದಲ್ಲಿ ರಜಿಸ್ಟರು, ತೂಕದ ಕಾಂಟಾ, ಊಟದ ಡಬ್ಬಿ, ಒಗೆದು ಮೆತ್ತಗಾದ ಹಳೆಯ ಧೋತರದ ಎರಡು ತುಂಡು.

ಧೋತರ ಕೂಸು ಸುತ್ತಲು. ಕೈಗಳನ್ನು ಮೈಗೆ ಸೇರಿಸಿ, ಎದೆಯ ಮೇಲೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಕಾಲು ಮಡಚಲು ಜಾಗವಿಟ್ಟು ಸುತ್ತಬೇಕು. ಹಾಗೆ ಸುತ್ತಿ ಅಂಗಾತ ಮಲಗಿಸಿದರೆ ಸಣ್ಣ ಕೂಸು ಬೆಚ್ಚಗಿರುತ್ತದೆ, ನಿದ್ದೆಯಲ್ಲಿ ದಿಗಿಲುಬೀಳುವುದಿಲ್ಲ. ಈ ಕೆಲಸದಲ್ಲಿ ನನ್ನ ಕೈ ಒಳ್ಳೆಯದೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ನನಗೆ ಅದರ ಹೆಮ್ಮೆಯೂ ಇತ್ತು.

ಆ ಡಿಸೆಂಬರಿನಲ್ಲಿ ಕುರಿ ಸಾಕುವ ಮನೆಯೊಂದರ ಸೊಸೆ ರೇಣುಕಾ ಹೆತ್ತಳು. ಚೊಚ್ಚಲ ಗಂಡು, ಎರಡು ಕಿಲೋ ನೂರು ಗ್ರಾಮು. ಮನೆದೇವರು ಬೀರೋಬನ ಹೆಸರಿನಿಂದ ಬೀರಪ್ಪ ಎಂದು ಕರೆದರು. ತೂಕ ಕಡಿಮೆಯೆಂದು ವಾರವಾರ ಹೋಗಿ, ಅವಳಿಗೂ ಅತ್ತೆ ಮಾಳವ್ವನವರಿಗೂ ಸುತ್ತುವುದನ್ನು ಕಲಿಸಿದೆ. ಕೂಸು ಮೈ ಹಿಡಿಯಿತು.

ಮೂರೂವರೆ ತಿಂಗಳಿಗೆ ಮೂರನೆಯ ಸಲದ ಲಸಿಕೆ. ಅಂಗನವಾಡಿಯಲ್ಲಿ ಹತ್ತು ಹನ್ನೆರಡು ತಾಯಂದಿರು ಕೂತಿದ್ದರು. ಬೀರಪ್ಪನ ತೊಡೆಗೆ ಸೂಜಿ ಹಾಕಿ ಮುಗಿಸಿದಾಗ ಮಾಳವ್ವ ಅಂದರು:

"ಮೊನ್ನಿಯಿಂದ ಮಗ್ಗಲಾಗಾಕತ್ತಾನ್ರಿ ಬಾಯಾರ, ನಮ್ಮ ಸಾವಕಾರ."

"ಆಗಲಿ ಬಿಡ್ರಿ, ನಾಳಿ ಕುರಿ ಕಾಯಾಕ ಹೋಗ್ತಾನ," ಅಂದೆ. ಎಲ್ಲರೂ ನಕ್ಕರು.

"ಈಕಿ ಕಟ್ಟಿದ್ರ ಯಾವಾಗ ನೋಡಿದ್ರೂ ಕೈ ಹೊರಗ," ಎಂದು ಮಾಳವ್ವ ಸೊಸೆಯನ್ನು ತೋರಿಸಿದರು. "ಕೈಯಾಗ ಬಲಾನ ಇಲ್ಲ ಈಕಿಗಿ. ನೀವ ಕಟ್ಟಿ ತೋರಸ್ರಿ."

ರೇಣುಕಾ ಏನೋ ಹೇಳಹೊರಟಳು. ನಾನು ಆಗಲೇ ಧೋತರ ಹಾಸಿದ್ದೆ. ಅಷ್ಟು ಹೆಂಗಸರ ಎದುರು ಚೊಕ್ಕವಾಗಿ ಸುತ್ತಿ ಕೊಟ್ಟೆ.

"ಕೂಸಿನ ಕಡಬು ಮಾಡಿದ್ರಲ್ರಿ," ಎಂದು ಯಾರೋ ಅಂದರು.

"ಹಿಂಗ ಕಟ್ಟಬೇಕು ನೋಡವಾ," ಎಂದು ರೇಣುಕಾಗೆ ಹೇಳಿದೆ.

ಕೂಸು ಮಗ್ಗುಲಾಗಲು ನೋಡಿದ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಕೈ ಕಟ್ಟಿದ ಕೂಸು ಬೋರಲು ಬಿದ್ದರೆ ಮುಖ ಎತ್ತಲಾರದು. ತರಬೇತಿಯಲ್ಲಿ ಇದನ್ನು ಹೇಳಿದ್ದರು. ನನಗೆ ಗೊತ್ತಿತ್ತು. ಆ ದಿನ ನೆನಪಾಗಲಿಲ್ಲ.

ಐದು ದಿನ ಬಿಟ್ಟು ಮಧ್ಯಾಹ್ನ ಆಶಾ ಕಾರ್ಯಕರ್ತೆಯ ಫೋನು ಬಂತು. ರೇಣುಕಾ ಕೂಸನ್ನು ಸುತ್ತಿ, ಕಂಬಳಿಯ ಮೇಲೆ ಅಂಗಾತ ಮಲಗಿಸಿ, ಹಿತ್ತಲಿಗೆ ಬಟ್ಟೆ ಒಗೆಯಲು ಹೋಗಿದ್ದಳಂತೆ. ಬಂದು ನೋಡಿದರೆ ಬೋರಲಾಗಿತ್ತು. ಉಸಿರಿರಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದೆ. ಮಾಳವ್ವ ಅಂಗಳದಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕೂಸಿನ ಬಿಟ್ಟು ಅರಬಿ ಒಗ್ಯಾಕ ಹೋಗ್ಯಾಳ ನೋಡ್ರಿ." ಸೊಸೆಯನ್ನು ದುಧನಿಯ ತವರಿಗೆ ಕಳಿಸುವುದೆಂದು ಆಗಿತ್ತು. ಮತ್ತೆ ಕರೆಸುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ನಾನು ಎರಡು ಸಮಾಧಾನದ ಮಾತು ಹೇಳಿ ಎದ್ದು ಬರಬಹುದಿತ್ತು. ಏಳದೆ ಮಾಳವ್ವನವರ ಹತ್ತಿರ ಸರಿದು ಕೂತೆ.

"ಅವ್ವಾರ, ಆಕಿದೇನೂ ತಪ್ಪಿಲ್ರಿ," ಅಂದೆ. "ಮಗ್ಗಲಾಗಾಕತ್ತಾನ ಅಂತ ನೀವು ಹೇಳಿದ್ರಿ. ಇನ್ನ ಕಟ್ಟಬ್ಯಾಡ್ರಿ ಅಂತ ನಾ ಹೇಳಬೇಕಿತ್ತು. ಹೇಳಲಿಲ್ಲ. ನಾನ ಕಟ್ಟಿಕೊಟ್ಟೆ."

ಮಾಳವ್ವ ಸೆರಗು ಬಾಯಿಗಿಟ್ಟುಕೊಂಡರು. ಬಾಗಿಲ ಒಳಗೆ ಕೂತಿದ್ದ ರೇಣುಕಾ ತಲೆ ಎತ್ತಿದಳು.

"ಅಂವಗ ಬ್ಯಾಡಾಗಿತ್ರಿ ಬಾಯಾರ. ಕೈ ಕಟ್ಟಿದ್ರ ಅಳ್ತಿದ್ದ. ಅದಕ್ಕ ಕೈ ಹೊರಗ ಬಿಡ್ತಿದ್ದೆ. ನೀವು ಹೇಳಿದ ಮ್ಯಾಲ ಒಳಗ ಹಾಕಿ ಕಟ್ಟಿದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ನಡೆದದ್ದನ್ನು ವೈದ್ಯಾಧಿಕಾರಿಗಳಿಗೆ ಬರೆದುಕೊಟ್ಟೆ. ಸಾವಿಗೆ ಅದೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂದರು. ರೇಣುಕಾಳನ್ನು ದುಧನಿಗೆ ಕಳಿಸಲಿಲ್ಲ. ಮಾಳವ್ವ ಆಮೇಲೆ ನನ್ನೊಡನೆ ಮಾತಾಡಲಿಲ್ಲ.

ಕೂಸು ಸುತ್ತುವುದನ್ನು ಈಗಲೂ ಕಲಿಸುತ್ತೇನೆ. ಯಾವಾಗ ನಿಲ್ಲಿಸಬೇಕೆಂಬುದನ್ನು ಮೊದಲು ಹೇಳಿ, ತಾಯಿಯ ಬಾಯಿಂದ ಅದನ್ನು ತಿರುಗಿ ಹೇಳಿಸಿ, ಆಮೇಲೆಯೇ ಬಟ್ಟೆ ಹಾಸುತ್ತೇನೆ. ಲಸಿಕೆಯ ದಿನ ಎಷ್ಟೇ ಗದ್ದಲವಿರಲಿ, ಕೂಸು ಹೊಸದೇನು ಮಾಡುತ್ತಿದೆ ಎಂದು ಅವಳನ್ನು ಕೇಳುತ್ತೇನೆ. ಸಾಮಾನ್ಯವಾಗಿ ಅತ್ತೆಯೇ ಉತ್ತರ ಕೊಡುತ್ತಾರೆ. ಅದನ್ನೂ ಕೇಳಿಸಿಕೊಂಡು, ಮತ್ತೆ ತಾಯಿಯ ಕಡೆ ತಿರುಗಿ, ಅವಳು ಹೇಳುವವರೆಗೆ ಕಾಯುತ್ತೇನೆ.